ಮೂರನೇ ಮಹಡಿಯ ಮುದುಕಿ

ನನ್ನ ಅಂಗಡಿಗೆ ಕೋಟು ಹೊಲಿಸಲು ಬರುವವರಲ್ಲಿ ಎರಡು ಬಗೆ. ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ತೊಡಿಸಿದಾಗ "ಕಂಕುಳಲ್ಲಿ ಹಿಡೀತಿದೆ ಕಣಮ್ಮ" ಎಂದು ಮುಖ ಸಿಂಡರಿಸುವವರು ಒಂದು. ಉಸಿರು ಬಿಗಿಹಿಡಿದು ಕನ್ನಡಿ ಮುಂದೆ ನಿಂತು "ಆಹಾ, ಚೆನ್ನಾಗಿದೆ" ಎಂದು ಹೇಳಿ, ಹೊಲಿದದ್ದನ್ನು ಒಯ್ದು ಕಪಾಟಿನಲ್ಲಿ ನೇತುಹಾಕಿ, ಮತ್ತೆಂದೂ ನನ್ನ ಮೆಟ್ಟಿಲು ಹತ್ತದವರು ಇನ್ನೊಂದು. ಎಳೆದರೆ ಬಿಚ್ಚಿಕೊಳ್ಳಲಿ ಎಂದೇ ಕಚ್ಚಾ ಹೊಲಿಗೆ ಹಾಕುವುದು. ಆಗಲೂ ಬಾಯಿ ಬಿಡದವರು ಸಭ್ಯರಲ್ಲ, ಸೋಮಾರಿಗಳು. ಈ ಎರಡನೇ ಬಗೆಯ ಒಬ್ಬರನ್ನು ನಾನು ಮದುವೆಯಾಗಿದ್ದೇನೆ.

ನನ್ನ ತಮ್ಮ ಮುದ್ರಣಾಲಯದಲ್ಲಿ ಪುಟ ಜೋಡಿಸುವವನು. ಎರಡು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಕೂತು, ಫೋನಿನಲ್ಲಿ ಆಡುವ ಒಂದು ಆಟ ಕಟ್ಟುತ್ತಿದ್ದ. ಏಳು ಮಹಡಿಯ ಹಳೇ ಕಟ್ಟಡ, ಪದೇ ಪದೇ ಕೈಕೊಡುವ ಲಿಫ್ಟು. ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಮೆಕ್ಯಾನಿಕ್ಕು ನೀವು. ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆಡಿ ನೋಡಿ ತಪ್ಪು ಹೇಳಲಿ ಎಂದು ಪುಕ್ಕಟೆ ಹಂಚಿದ, ಆಡುವವರದೊಂದು ಗುಂಪನ್ನೂ ಫೋನಿನಲ್ಲೇ ಮಾಡಿದ. ಇದಕ್ಕೆಂದೇ ಹಾಕಿದ್ದ ರಜೆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ತಿದ್ದಿದರೆ ತಿದ್ದಿದ ಹಾಗೆ. ಆಮೇಲೆ ಎರಡು ಪಾಳಿಯ ದುಡಿತದಲ್ಲಿ ತಲೆ ಎತ್ತಲೂ ಬಿಡುವಿರುವುದಿಲ್ಲ. ಗುರುತಿಲ್ಲದ ನಾಲ್ಕು ಜನ ಏಳನೇ ಮಹಡಿ ಮುಗಿಸಬೇಕು ಎಂಬುದೊಂದೇ ಅವನ ಆಸೆ.

ಗುಂಪಿಗೆ ಇನ್ನೂರು ಜನ ಸೇರಿದರು. ಅಬ್ಬಬ್ಬಾ, ಏನು ಹೊಗಳಿಕೆ! "ಸೂಪರ್ ಅಣ್ಣ", "ಬೆಂಕಿ", ಕೈಮುಗಿದ ಚಿತ್ರ, ಚಪ್ಪಾಳೆ ಚಿತ್ರ. ಹೆಬ್ಬೆರಳು ಒತ್ತಿದರೆ ಇವರಪ್ಪನ ಗಂಟೇನು ಹೋಗುತ್ತದೆ? ಎಲ್ಲರಿಗಿಂತ ಮುಂದೆ ನಮ್ಮ ಯಜಮಾನರು. ದಿನಕ್ಕೆ ಮೂರು ಹೊತ್ತು, ಔಷಧಿ ತೆಗೆದುಕೊಂಡ ಹಾಗೆ, "ನಮ್ಮ ಬಾಮೈದನ ಆಟಕ್ಕೆ ಸಾಟಿಯಿಲ್ಲ" ಎಂದು ಬರೆಯುತ್ತಿದ್ದರು.

ಒಬ್ಬ ಮಾತ್ರ ಬೇರೆ. ಗುಂಪಿನಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ಗೊಣಗ. ಅವನು ಬರೆದ: "ಸರ್, ಎರಡನೇ ಮಹಡೀಲಿ ಹಗ್ಗ ಕೈ ಜಾರಿದ್ರೆ ಮತ್ತೆ ಕೆಳಗಿಂದ ಶುರು. ಮೊದಲಲ್ಲಿ ಬರೋ ಆ ಕಾವಲುಗಾರನ ಪುರಾಣ ಹದಿನೇಳು ಸಲ ಕೇಳಿದೆ. ಅದನ್ನ ದಾಟಿಸೋಕೆ ಒಂದು ಗುಂಡಿ ಕೊಡಿ. ಇನ್ನೂ ಎಂಟು ತಪ್ಪು ಬರ್ಕೊಂಡಿದೀನಿ, ಏಳನೇ ಮಹಡೀದೇ ದೊಡ್ಡದು. ನಾಳೆ ಕಳಿಸ್ತೀನಿ."

ಇಷ್ಟೇ. ಬೈಗುಳವಿಲ್ಲ, ಕೊಂಕಿಲ್ಲ. ಆದರೂ ಗುಂಪು ಮೈಮೇಲೆ ಬಿತ್ತು. "ಬಿಟ್ಟಿ ಕೊಟ್ರೂ ಗೊಣಗಾಟವಾ?" "ತಾಕತ್ತಿದ್ರೆ ನೀನೊಂದು ಮಾಡಿ ತೋರ್ಸು." ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತು ಗಾದೆಯನ್ನೇ ಬಿಟ್ಟರು: "ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸೋ ಬುದ್ಧಿ ನಿಂದು." ಆ ಮಾತಿಗೆ ಎಪ್ಪತ್ತು ಹೆಬ್ಬೆರಳು. ಹೊಗಳಿಕೆಯಲ್ಲಿ ಮುಳುಗಿದ್ದ ತಮ್ಮನೂ ಯಾರನ್ನೂ ತಡೆಯಲಿಲ್ಲ. ಗೊಣಗ ಮತ್ತೆ ಬರೆಯಲಿಲ್ಲ. ಗಂಡನ ಮಾನ ನಾಲ್ಕು ಜನರೆದುರು ಯಾಕೆ ಕಳೆಯಲಿ ಎಂದು ನಾನೂ ಅಲ್ಲಿ ತೆಪ್ಪಗಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಮನೆಯಲ್ಲಿ ಮಾತ್ರ ಕೇಳಿದೆ: "ಅಲ್ಲಾ ರೀ, ಅವನು ಹೇಳಿದ್ರಲ್ಲಿ ತಪ್ಪೇನಿತ್ತು?"

"ಪುಕ್ಕಟೆ ಕೊಟ್ಟವನ ಮನಸ್ಸು ನೋಯಿಸಬಾರದು ಕಣೇ."

ಪುಕ್ಕಟೆಯಂತೆ, ಮನಸ್ಸಂತೆ! ಮಾರುವವನಿಗಾದರೆ ಗಲ್ಲಾಪೆಟ್ಟಿಗೆಯೇ ಸತ್ಯ ಹೇಳುತ್ತದೆ. ಪುಕ್ಕಟೆ ಕೊಡುವವನಿಗೆ ಆಡಿದವರ ಬಾಯಿ ಬಿಟ್ಟರೆ ಬೇರೆ ಏನಿದೆ? ಆ ಬಾಯಿಗೂ ಬೆಲ್ಲ ಮೆತ್ತಿಕೊಂಡು ಕೂತರೆ ಅವನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು?

ರಜೆ ಮುಗಿಯಲು ನಾಲ್ಕು ದಿನ ಇತ್ತು. ಬೆಳಿಗ್ಗೆ ತಮ್ಮ ಹಿಂದಿನ ಕೋಣೆಯಿಂದ ಹೊರಗೆ ಬಂದ. ಯಜಮಾನರು ಕತ್ತರಿಸುವ ಮೇಜಿಗೆ ಒರಗಿ ಚಹಾ ಕುಡಿಯುತ್ತಿದ್ದರು.

"ಭಾವ, ಆಟ ಎಲ್ಲೀವರೆಗೆ ಆಡಿದ್ರಿ?"

"ಪೂರ್ತಿ ಕಣಯ್ಯ! ಎರಡು ಸಲ!"

"ಮೂರನೇ ಮಹಡಿ ಮುದುಕಿ ಹೇಗನ್ನಿಸಿದ್ಲು?"

"ಅಯ್ಯೋ, ಆ ಮುದುಕಿ! ಕಣ್ಣಲ್ಲಿ ನೀರು ತರಿಸಿಬಿಟ್ಲು ನೋಡು. ನಮ್ಮಮ್ಮನ್ನೇ ನೋಡಿದ ಹಾಗಾಯ್ತು."

"ಮೂರನೇ ಮಹಡೀಲಿ ಮುದುಕಿ ಇಲ್ಲ ಭಾವ. ಬೆಕ್ಕಿದೆ."

ಯಜಮಾನರು ಒಂದು ಗುಟುಕು ನುಂಗಿದರು. "ಅದೇ ಕಣೋ, ಮುದಿ ಬೆಕ್ಕು."

ಮಾನ ಮರ್ಯಾದೆಯನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ ಮನುಷ್ಯ! ನನಗೆ ನಗು ಬಂತು. ತಮ್ಮ ನಗಲಿಲ್ಲ. ಯಾರು ಎಲ್ಲಿಯವರೆಗೆ ಆಡಿದರು ಎಂದು ಆಟವೇ ಲೆಕ್ಕ ಇಡುತ್ತಿತ್ತಂತೆ. ಹೊಗಳಿಕೆ ಓದುವ ಸಂಭ್ರಮದಲ್ಲಿ ಹಿಂದಿನ ರಾತ್ರಿಯವರೆಗೂ ಅವನು ಅದನ್ನು ತೆರೆದೇ ಇರಲಿಲ್ಲ. ಇನ್ನೂರು ಜನರಲ್ಲಿ ಎರಡನೇ ಮಹಡಿ ದಾಟಿದವನು ಒಬ್ಬನೇ, ಗೊಣಗ. ಮಿಕ್ಕವರು ಅಲ್ಲೇ ಆಟ ಬಿಟ್ಟು, ಚಪ್ಪಾಳೆ ತಟ್ಟಿ ಹೋಗಿದ್ದರು.

"ಎರಡನೇ ಮಹಡಿ ಇವತ್ತೇ ಸರಿಮಾಡ್ತೀನಿ ಅಕ್ಕ. ಮಿಕ್ಕ ಎಂಟು ಏನು ಅಂತ ಅವನೊಬ್ಬನಿಗೇ ಗೊತ್ತು. ನನ್ನ ಬೆನ್ನು ನನಗೆ ಕಾಣಲ್ಲ."

ನನ್ನ ಮುಂದೆಯೇ ಕೂತು ಗೊಣಗನಿಗೆ ಬರೆದ. ಕ್ಷಮೆ ಕೇಳಿದ, ಎಷ್ಟು ಖಾರವಾಗಿದ್ದರೂ ಸರಿ, ಆ ಎಂಟು ತಪ್ಪು ಕಳಿಸಿ ಎಂದ. ಯಜಮಾನರಿಂದಲೂ ಒಂದು ಕ್ಷಮೆ ಬರೆಸಿದೆ. ಕತ್ತರಿ ನನ್ನ ಕೈಯಲ್ಲೇ ಇತ್ತು, ಅವರು ಬೇಗ ಬರೆದರು.

ಉತ್ತರ ಬಂದದ್ದು ರಜೆಯ ಕೊನೆಯ ದಿನ ಮಧ್ಯಾಹ್ನ. ತಮ್ಮ ಓದಿ, ಫೋನನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟ.

"ಪರವಾಗಿಲ್ಲ ಸರ್. ತಪ್ಪು ಬರ್ಕೊಂಡಿದ್ದ ಆ ಚೀಟಿ ಅವತ್ತೇ ಹರಿದು ಹಾಕಿದೆ. ಆಟ ತುಂಬಾ ಚೆನ್ನಾಗಿದೆ, ಏನೂ ತಪ್ಪಿಲ್ಲ."

"ಅಕ್ಕ," ಎಂದ ತಮ್ಮ, "ಇವನೂ ಹೊಗಳಿಬಿಟ್ಟ."