ಉತ್ತರಕ್ಕೆ ಕಾಯದ ದನಿ

ಚುನಾವಣೆಯ ಹಿಂದಿನ ದಿನ, ಮುದುಕಿಯ ಗಂಡ, ಸತ್ತು ವರ್ಷವಾಗಿದ್ದವನು, ಸೊಸೆಯ ಫೋನಿನಲ್ಲಿ ಮಾತಾಡಿದ.

"ಅಕ್ಕ ತಂಗಿಯರೇ, ನಿಮ್ಮ ವೋಟು ಗಡಿಯಾರದ ಗುರುತಿಗೇ ಬೀಳಲಿ. ಕೇಳಿಸ್ತಾ?"

ಅದೇ ಗಂಟಲು, ಅದೇ ಎಳೆತ. ಮುದುಕಿ ಫೋನನ್ನು ಕೈಗೆ ತೆಗೆದುಕೊಂಡಳು. ಬದುಕಿದ್ದಷ್ಟು ಕಾಲವೂ ಆತ ಬಾಯಿಗೆ ತಗಡಿನ ಕೊಳವೆ ಹಿಡಿದು ಬೀದಿಬೀದಿ ಸುದ್ದಿ ಸಾರಿದವನು. ನಲ್ಲಿಗೆ ನೀರು ಬರುವ ಹೊತ್ತು, ಕಳೆದುಹೋದ ಮಗು, ತೀರಿಕೊಂಡವರ ಹೆಸರು, ಎಲ್ಲವೂ ಆತನ ಬಾಯಿಂದಲೇ ಊರಿಗೆ ತಿಳಿಯಬೇಕು. ವೋಟು ಕೇಳುವವರನ್ನು ಮಾತ್ರ ಹೊಸ್ತಿಲು ತುಳಿಯಗೊಟ್ಟವನಲ್ಲ.

"ಇದರೊಳಗೆ ಅವರು ಹೇಗೆ ಬಂದ್ರು ಕಣೇ?" ಮುದುಕಿ ಫೋನನ್ನು ತಿರುಗಿಸಿ ಬೆನ್ನು ನೋಡಿದಳು.

"ಮಾವ ಸಾರಿದ್ದನ್ನ ಯಾರೋ ರೆಕಾರ್ಡ್ ಮಾಡಿದ್ರಲ್ಲ ಅತ್ತೆ, ಅದನ್ನ ಇಂಟರ್ನೆಟ್ಟಲ್ಲಿ ಮಷೀನಿಗೆ ಕಲಿಸ್ತಾರಂತೆ. ಆಮೇಲೆ ಏನು ಬೇಕಾದ್ರೂ ಹೇಳಿಸ್ಬಹುದು."

"ಏನು ಬೇಕಾದ್ರೂ? 'ತಪ್ಪು ನನ್ನದೇ' ಅಂತ ಒಂದ್ಸಲ ಹೇಳಿಸು ನೋಡೋಣ. ನನ್ನ ಕೈಲಂತೂ ಆಗ್ಲಿಲ್ಲ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಗೋಡೆಯಾಚೆ ಪಕ್ಕದ ಮನೆಯ ಇಸ್ತ್ರಿಯವಳೂ ತನ್ನ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಳು. "ಯಜಮಾನ್ರೇ ಹೇಳಿದ್ಮೇಲೆ ಮುಗೀತು ಬಿಡಿ ಅಕ್ಕ. ಸತ್ತ ಮೇಲೂ ಊರಿನ ಚಿಂತೆ ಬಿಟ್ಟಿಲ್ಲ, ಪುಣ್ಯಾತ್ಮ! ನಮ್ಮನೆ ವೋಟೆಲ್ಲ ಗಡಿಯಾರಕ್ಕೇ."

ಮುದುಕಿಯ ನಗು ಅಲ್ಲಿಗೇ ನಿಂತಿತು. ಊರಿಗೆ ಊರೇ ಆತನ ಮಾತಿಗೆ ಬೆಲೆ ಕೊಟ್ಟು ನಾಳೆ ಗುಂಡಿ ಒತ್ತುವುದೇ? ಫೋನಿನ ದನಿಯನ್ನು ಮತ್ತೆ ಹಾಕಿಸಿ ಕೇಳಿದಳು. ಏನೋ ಒಂದು ಕೂಡಿಬರಲಿಲ್ಲ. ಅದು "ಕೇಳಿಸ್ತಾ?" ಎಂದಾಗ ಹಳೆಯ ರೂಢಿಯಂತೆ "ಕೇಳಿಸ್ತು" ಎಂದಳು. ಅವಳ ಬಾಯಿ ಮುಚ್ಚುವುದರೊಳಗೆ ದನಿ ಮತ್ತೆ ಗಡಿಯಾರಕ್ಕೆ ಹೋಗಿತ್ತು.

ಗುಟ್ಟು ತಿಳಿಯಿತು. ಯಾವುದಾದರೊಂದು ಮನೆಯಿಂದ "ಕೇಳಿಸ್ತು" ಎಂದು ಬರದೆ ಆತ ಹೆಜ್ಜೆ ಕದಲಿಸುತ್ತಿರಲಿಲ್ಲ. ನೆತ್ತಿ ಸುಡುವ ಬಿಸಿಲಾದರೂ ಸರಿಯೆ, ನಿಂತೇ ಇರುತ್ತಿದ್ದ. ಈ ದನಿಗೆ ಯಾರ ಉತ್ತರವೂ ಬೇಡ.

ದೇವರಿಗೆ ಕೈಮುಗಿದು ಅಟ್ಟದ ಮೇಲಿನ ಕೊಳವೆ ಇಳಿಸಿದಳು.

"ಅತ್ತೆ, ಅದು ಊರಿನ ಫೋನಿಗೆಲ್ಲ ಹೋಗಿದೆ. ನೀವೊಬ್ರು ಎಷ್ಟು ಅಂತ ಕೂಗ್ತೀರಿ?"

"ನಿಮ್ಮ ಮಾವನೂ ಒಂದೊಂದೇ ಬೀದಿ ನಡೆದವರು ಕಣೇ."

ಬೀದಿಯ ಮೂಲೆಯಲ್ಲಿ ನಿಂತು ಕೂಗಿದಳು: "ಫೋನಲ್ಲಿರೋದು ನನ್ನ ಗಂಡ ಅಲ್ಲ! ಅವರು ಯಾರ ಪರವಾಗೂ ವೋಟು ಕೇಳಿದವರಲ್ಲ. ನಿಮಗೆ ಸರಿ ಕಂಡವರಿಗೆ ಹಾಕಿ. ಕೇಳಿಸ್ತಾ?"

ಬೀದಿ ಗಪ್‌ಚಿಪ್. ಮುದುಕಿ ಕದಲಲಿಲ್ಲ. ಕೊನೆಗೆ ಇಸ್ತ್ರಿಯವಳ ಕಿಟಕಿ ತೆರೆಯಿತು.

"ಹಾಗಾದ್ರೆ ಅದು ಯಾರಕ್ಕಾ?"

"ನಾನೂ ಅದನ್ನೇ ಕೇಳ್ತಿದೀನಿ ಕಣೇ. ಮೊದ್ಲು ಹೇಳು, ಕೇಳಿಸ್ತಾ?"

"ಕೇಳಿಸ್ತು."

ಆಮೇಲೆಯೇ ಮುದುಕಿ ಮುಂದಿನ ಬೀದಿಗೆ ತಿರುಗಿದಳು.