ತೋರಣ ಪ್ಲೇಟಿನ ಹಿಂದಿನ ಮಗ್ಗುಲು

ಜಯನಗರದ ಆ ಬಾಡಿಗೆ ಮನೆಯಲ್ಲಿ ಮಕ್ಕಳು ಮಂಚದ ಮೇಲೆ ಕುಣಿಯುವ ಹಾಗಿರಲಿಲ್ಲ. ಮಂಚದ ಕೆಳಗೆ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಗಳಿದ್ದವು. ಬಿಸಿಲು ತಗುಲಿದರೆ ಅರಗಿನ ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ ಎಂದು ಮನೆಯ ತಂಪಾದ ಕೋಣೆಯನ್ನು ಅವಕ್ಕೇ ಬಿಟ್ಟುಕೊಟ್ಟಾಗಿತ್ತು. ಮನುಷ್ಯರೆಲ್ಲ ನಡುಮನೆಯ ಸೆಕೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ವಾರಿಜಾ ದಿನಾ ಕಸ ಗುಡಿಸುವಾಗ ಪೊರಕೆಯನ್ನು ಆ ಪೆಟ್ಟಿಗೆಗಳ ಸುತ್ತ ಎಳೆಯುತ್ತಾ, ಇವು ಯಾವಾಗ ಮನೆ ಬಿಡುತ್ತವಪ್ಪಾ ಎಂದುಕೊಳ್ಳುತ್ತಿದ್ದಳು. ಬಂದ ನೆಂಟರಾದರೆ ಮೂರು ದಿನಕ್ಕಾದರೂ ಹೊರಡುತ್ತಾರೆ.

ಅವಳ ಗಂಡ ಬದರಿನಾಥ ಬಳೇಪೇಟೆಯ ಗ್ರಾಮಫೋನ್ ಅಂಗಡಿಯೊಂದರಲ್ಲಿ ಮಾರಾಟದ ಕೆಲಸಕ್ಕಿದ್ದ. ಮದುವೆಯ ಜವಳಿಗೆ ಪೇಟೆಗೆ ಬಂದವರು ಅಂಗಡಿಗೂ ಇಣುಕಿ, ನಮ್ಮ ಮನೆಗಳಲ್ಲಿ ಹಾಡುವ ಮದುವೆ ಹಾಡಿನ ಪ್ಲೇಟು ಇದೆಯೇ ಎಂದು ಕೇಳಿ, ಇಲ್ಲವೆಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುವುದನ್ನು ವರ್ಷಗಟ್ಟಲೆ ನೋಡಿದ್ದ. ದೊಡ್ಡ ಕಂಪನಿಗಳು ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಒಂದು ದಿನ ಹೊರಟ. ತನ್ನ ಕಂಪನಿಗೆ ‘ತೋರಣ’ ಎಂದು ಹೆಸರಿಟ್ಟ. ಹಾಡು, ಹಾಡುವವರು, ಒಂದಿಷ್ಟು ಬಂಡವಾಳ, ಇಷ್ಟೇ ಅಲ್ಲವೇ ಎಂದುಕೊಂಡಿದ್ದ. ಆಮೇಲೆ ಒಂದೊಂದಕ್ಕೂ ಒಂದೊಂದು ಬಾಯಿ ಹುಟ್ಟಿಕೊಂಡಿತು. ಮದ್ರಾಸಿನ ಸ್ಟುಡಿಯೋದಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ. ಪಿಟೀಲಿನವರು ಶ್ರುತಿ ಮಾಡಿಕೊಂಡ ಹೊತ್ತಿಗೂ ಬಾಡಿಗೆ. ಕಲ್ಕತ್ತೆಯ ಕಾರ್ಖಾನೆಯವರು ಮುನ್ನೂರಕ್ಕೆ ಕಡಿಮೆ ಪ್ಲೇಟು ಒತ್ತುವುದಿಲ್ಲ. ಅಲ್ಲಿಂದ ರೈಲಿನಲ್ಲಿ ಬರುವ ಬಾಡಿಗೆ ಬೇರೆ. ಹುಲ್ಲಿನಲ್ಲಿ ಸುತ್ತಿ ಕಳಿಸಿದ್ದರೂ ಕೆಲವು ಚೂರಾಗಿ ಬಂದವು, ಅದಕ್ಕೆ ಯಾರೂ ಜವಾಬ್ದಾರರಲ್ಲ. ಪ್ಲೇಟಿನ ನಡುವಿನ ಚೀಟಿಯನ್ನು ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿ ಎಂದು ವಾರಿಜಾ ಹೇಳಿದ್ದಳು. ಒಂದೇ ಬಣ್ಣವಾದರೆ ತೋರಣ ಒಣಗಿದ ಹಾಗೆ ಕಾಣುತ್ತದೆ ಎಂದು ಅವನು ಹಸಿರು ಕೆಂಪು ಎರಡೂ ಹಾಕಿಸಿದ್ದ. ಅಂಗಡಿಯವರ ಪಾಲು ಕಳೆದು ನೋಡಿದರೆ ಒಂದು ಪ್ಲೇಟು ಮಾರಿದ ಲಾಭಕ್ಕೆ ಒಂದು ತೆಂಗಿನಕಾಯಿ ಬರುತ್ತಿರಲಿಲ್ಲ. ಆ ಪ್ಲೇಟಾದರೂ ಮಾರಬೇಕಲ್ಲ. ವಾರಿಜಾ ಗಂಡನನ್ನು ಬೈಯಲಿಲ್ಲ. ಬೈಗುಳವೆಲ್ಲ ಪಾತ್ರೆಗಳ ಮೇಲೆ ಹೋಯಿತು.

ಪ್ಲೇಟಿನ ಮುಂದಿನ ಮಗ್ಗುಲಲ್ಲಿ ಬೀಗರ ಹಾಡಿತ್ತು. ನಾಟಕದ ಕಮಲಾದೇವಿ ದುಡ್ಡು ತೆಗೆದುಕೊಂಡು, ಕೊಟ್ಟ ದುಡ್ಡಿಗಿಂತ ಹೆಚ್ಚಾಗಿಯೇ ಹಾಡಿದ್ದರು. ಬೀಗಿತ್ತಿ ಮದುವೆಗೆ ಬಂದಳೋ ತುಪ್ಪದ ಮಿಳ್ಳೆ ಅಳೆಯಲು ಬಂದಳೋ ಎಂದು ಕೆಣಕುವ ಹಾಡು. ಹಿಂದಿನ ಮಗ್ಗುಲಲ್ಲಿ ಹೆಣ್ಣೊಪ್ಪಿಸುವ ಹಾಡು. ಅದನ್ನು ಹಾಡಿದವಳು ಬದರಿನಾಥನ ಅಕ್ಕ ಚೂಡಾಮಣಿ.

ಒಂದು ಕಾಲದಲ್ಲಿ ಬಸವನಗುಡಿಯ ಅವರ ಬಳಗದಲ್ಲಿ ಚೂಡಾಮಣಿ ಹಾಡದೆ ಹೆಣ್ಣು ಒಪ್ಪಿಸಿದ ಮದುವೆಯೇ ಇರಲಿಲ್ಲ. ಗಂಡ ಹೋದ ಮೇಲೆ ಅವಳು ತಮ್ಮನ ಮನೆಗೆ ಬಂದಳು. ಮದುವೆಗಳಿಗೆ ಈಗಲೂ ಕರೆಯುತ್ತಿದ್ದರು, ಆದರೆ ಅವಳ ಜಾಗ ಉಗ್ರಾಣ. ಹೊರಗೆ ಯಾರೋ ಅದೇ ಹಾಡನ್ನು ತಪ್ಪು ತಪ್ಪಾಗಿ ಎಳೆಯುತ್ತಿದ್ದರೆ ಅವಳು ಒಳಗೆ ವೀಳ್ಯದೆಲೆ ಒರೆಸುತ್ತಾ ಕೂತಿರುತ್ತಿದ್ದಳು. ಮದ್ರಾಸಿನಲ್ಲಿ ಮೈಕಿನ ಮುಂದೆ ನಿಂತಾಗ ತಮ್ಮನನ್ನು ಕೇಳಿದ್ದಳು.

“ಇದು ಚಪ್ಪರದಲ್ಲಿ ಕೇಳತ್ತೇನೋ ಬದರಿ?”

“ಕೇಳತ್ತೆ ಅಕ್ಕ.”

“ಹಾಡ್ತಿರೋದು ಯಾರು ಅಂತ ಗೊತ್ತಾಗಲ್ಲ ತಾನೆ?”

ಗೊತ್ತಾಗುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಚೀಟಿಯ ಮೇಲೆ ಅವಳ ಹೆಸರು ಹಾಕಿಸಲಿಲ್ಲ. ಬರೀ ‘ಸಂಪ್ರದಾಯದ ಹಾಡು’ ಎಂದಿತ್ತು.

ಮನೆಗೆಂದು ಯಾರೂ ಪ್ಲೇಟು ಕೊಳ್ಳಲಿಲ್ಲ. ಮದುವೆಯಿಲ್ಲದ ಮನೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಹಾಕಿದರೆ ಒಳ್ಳೆಯದಲ್ಲ ಎಂದು ಹಿರಿಯರು ಅಡ್ಡ ಬಂದರು. ಇಷ್ಟು ವರ್ಷ ಅಂಗಡಿಯಲ್ಲಿ ನಿಂತವನಿಗೆ ಇದು ಹೊಳೆಯಲಿಲ್ಲವೇ ಎಂದು ವಾರಿಜಾಗೆ ಹೊಟ್ಟೆ ಉರಿಯಿತು. ಮನೆಯಲ್ಲೇ ಇದ್ದ ತನಗೂ ಹೊಳೆಯಲಿಲ್ಲವಲ್ಲ ಎಂದು ಇನ್ನೂ ಉರಿಯಿತು. ಅಷ್ಟರಲ್ಲಿ ಕಾರ್ಖಾನೆಯಿಂದ ಕಾಗದ ಬಂತು. ಆಷಾಢ ಹುಟ್ಟುವುದರೊಳಗೆ ಬಾಕಿ ಬಾರದಿದ್ದರೆ ಆ ಹಾಡುಗಳ ಅಚ್ಚನ್ನು ಕರಗಿಸಿಬಿಡುತ್ತಾರಂತೆ. ಕರಗಿಸಿದರೆ ಚೂಡಾಮಣಿಯ ದನಿ ಇನ್ನೊಂದು ಪ್ಲೇಟಿಗೂ ಇಳಿಯುವುದಿಲ್ಲ. ಇನ್ನೊಮ್ಮೆ ಮದ್ರಾಸಿಗೆ ಹೋಗುವ ಶಕ್ತಿ ಆ ಮನೆಗಿರಲಿಲ್ಲ. ಆಷಾಢ ಬಂದರೆ ಮದುವೆಗಳೂ ನಿಲ್ಲುತ್ತವೆ.

ಉಳಿದದ್ದು ಒಂದೇ ದಾರಿ, ಮದುವೆಮನೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಅವರಲ್ಲಿ ಯಡಿಯೂರಿನ ಬೋರಣ್ಣ ಹೇಳಿದ್ದೇ ಮಾತು. ಅವನು ಒಪ್ಪಿದರೆ ಲಾಲ್‌ಬಾಗಿನಿಂದ ಬನಶಂಕರಿಯವರೆಗೆ ಎಲ್ಲ ಮೈಕ್ ಸೆಟ್ಟಿನವರೂ ಕೊಳ್ಳುತ್ತಾರೆ. ನೋಡುವುದಕ್ಕೆಂದು ಒಂದು ಪ್ಲೇಟು ತೆಗೆದುಕೊಂಡು ಹೋಗಿದ್ದ ಬೋರಣ್ಣ, ಒಂದು ಭಾನುವಾರ ಮಧ್ಯಾಹ್ನ ಅದನ್ನು ಟವಲಿನಲ್ಲಿ ಸುತ್ತಿಕೊಂಡು ವಾಪಸು ಬಂದ.

ಚಿಕ್ಕಲಸಂದ್ರದ ಮದುವೆಯಲ್ಲಿ ಹಾಕಿದ್ದನಂತೆ. ಗಂಡಿನವರು ಊಟಕ್ಕೆ ಕೂತಿದ್ದರು. ಬೀಗರ ಹಾಡು ಕೇಳಿ ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಬೀಗಿತ್ತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಹಾಡು ಮುಗಿಯಿತು. ಮೈಕ್ ಸೆಟ್ಟಿನವರ ಕೈಗೆ ಒಂದು ರೂಢಿಯಿದೆ: ಒಂದು ಮಗ್ಗುಲು ಮುಗಿದರೆ ಸೂಜಿ ಬದಲಿಸು, ಪ್ಲೇಟು ಮಗುಚು. ಬೋರಣ್ಣನ ಕೈಯೂ ಮಗುಚಿತು. ಚೂಡಾಮಣಿಯ ಹಾಡು ಹೊರಟಿತು. ಬಡಿಸುತ್ತಿದ್ದ ಹೆಣ್ಣಿನ ತಾಯಿ ಪಾಯಸದ ಪಾತ್ರೆ ಕೆಳಗಿಟ್ಟು ಅಲ್ಲೇ ಕೂತು ಅತ್ತಳು. ಬಾಯಲ್ಲಿ ತುತ್ತಿಟ್ಟುಕೊಂಡು ಮದುಮಗಳೂ ಅತ್ತಳು. ಎಲೆಯ ಮುಂದೆ ಅಳು ಶುಭವಲ್ಲವೆಂದು ಗಂಡಿನ ಸೋದರಮಾವ ಅರ್ಧ ಊಟಕ್ಕೆ ಎದ್ದ. ಬೋರಣ್ಣನ ಬಾಡಿಗೆಯಲ್ಲಿ ಅರ್ಧ ಮುರಿದುಕೊಂಡರು.

ಹಾಗಾದರೆ ಹೆಣ್ಣೊಪ್ಪಿಸುವ ಹೊತ್ತಿಗೇ ಆ ಮಗ್ಗುಲನ್ನು ಹಾಕಬಹುದಲ್ಲ ಎಂದ ಬದರಿನಾಥ.

“ಆ ಹೊತ್ಗೆ ನಾವು ವೈರು ಸುತ್ತುತಾ ಇರ್ತೀವಿ ಸ್ವಾಮಿ. ಊಟ ಮುಗೀತು ಅಂದ್ರೆ ಮೈಕ್ ಇಳೀತು. ಸಂಜೆಗೆ ಇನ್ನೊಂದು ಚಪ್ಪರ ಇರ್ತದಲ್ಲ.”

ಬೋರಣ್ಣ ಕೆಟ್ಟವನಲ್ಲ. ವಾರಿಜಾ ಕೊಟ್ಟ ಮಜ್ಜಿಗೆ ಕುಡಿದು, ಒಂದು ಉಪಾಯವನ್ನೂ ಅವನೇ ಹೇಳಿದ. “ಹಿಂದಿನ ಮಗ್ಗುಲಿಗೆ ಮೊಳೆ ಎಳೆದು ಕೊಡಿ. ಸೂಜಿ ಕೂರಬಾರ್ದು ನೋಡಿ, ಹಂಗೆ. ನಾಡಿದ್ದು ಬಂದು ನೂರೈವತ್ತು ಎತ್ಕೊಂಡು ಹೋಯ್ತೀನಿ, ಕೈಮೇಲೆ ದುಡ್ಡು.”

ಅವನು ಹೋದ ಮೇಲೆ ಬದರಿನಾಥ ಎದ್ದು ಕೋಣೆಗೆ ಹೋದ. ವಾರಿಜಾ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಇನ್ನೊಂದು ತುರಿಯುವ ಸದ್ದು ಬಂತು. ಎದ್ದು ಹೋಗಿ ನೋಡಿದರೆ ಗಂಡ ತೊಡೆಯ ಮೇಲೆ ಪ್ಲೇಟು ಇಟ್ಟುಕೊಂಡು ಮೊಳೆ ಎಳೆಯುತ್ತಿದ್ದ. ಕಪ್ಪು ಪುಡಿ ಪಂಚೆಯ ಮೇಲೆ ಉದುರಿತ್ತು.

“ಬಾಕಿ ತೀರತ್ತೆ ಕಣೇ,” ಎಂದ ಅವಳ ಮುಖ ನೋಡದೆ. “ಅಚ್ಚು ಉಳಿಯತ್ತೆ. ಅಚ್ಚು ಉಳಿದ್ರೆ ಅಕ್ಕನ ಹಾಡು ಉಳಿದ ಹಾಗೇ ಅಲ್ವೆ?”

“ಅದನ್ನ ಹೊರತಂದಿದ್ದು ಮೊಳೆ ಎಳೆಯೋಕಾ?” ಎಂದಳು ವಾರಿಜಾ. “ಒಂದು ಹಾಡು ಮಾಡೋಕೆ ಮದ್ರಾಸು ಬೇಕು, ಕಲ್ಕತ್ತ ಬೇಕು, ಊರೆಲ್ಲ ಸಾಲ ಬೇಕು. ಕೆಡಿಸೋಕೆ ಒಂದು ಮೊಳೆ ಸಾಕು ನೋಡಿ. ಕೊಡಿ ಇಲ್ಲಿ.”

ಮೊಳೆ ಕಿತ್ತುಕೊಂಡಳು. ಕಿತ್ತುಕೊಂಡಿದ್ದೇನೋ ಸರಿ, ಮುಂದೇನು ಎಂದು ಅವಳಿಗೂ ತಿಳಿಯಲಿಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾರ್ಖಾನೆಯ ಮೇಲೆ, ಬೋರಣ್ಣನ ಕೈಯ ರೂಢಿಯ ಮೇಲೆ, ಪ್ಲೇಟಿಗೆ ಎರಡು ಮಗ್ಗುಲಿಟ್ಟವನ ಮೇಲೆ. ಆ ಸಿಟ್ಟಿನಲ್ಲೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಶಾಲೆ ಶುರುವಾಗುವ ದಿನಗಳು. ರಾತ್ರಿ ಊಟವಾದ ಮೇಲೆ ಮಗಳ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕುವುದಿತ್ತು. ಮೈದಾ ಕುದಿಸಿ ಅಂಟು ಮಾಡಿಕೊಂಡು ಕೂತಳು. ಹೋದ ವರ್ಷದ ಪುಸ್ತಕದಿಂದ ಹಳೆಯ ಹೆಸರಿನ ಚೀಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವಾಗ, ಅದು ಎಲ್ಲೂ ಹರಿಯದೆ ಮೆತ್ತಗೆ ಎದ್ದು ಬಂತು. ವಾರಿಜಾಳ ಕೈ ಅಲ್ಲೇ ನಿಂತಿತು.

ಎದ್ದು ಹೋಗಿ ಒಂದು ಪ್ಲೇಟು ತಂದಳು. ಹಿಂದಿನ ಮಗ್ಗುಲಿಗೆ ಕಂದು ಕಾಗದ ಗುಂಡಗೆ ಕತ್ತರಿಸಿ ಅಂಟಿಸಿದಳು. ಬೆಳಿಗ್ಗೆ ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಒತ್ತಿ ಕಾಗದ ಎಬ್ಬಿಸಿ, ಒರೆಸಿ, ಮನೆಯ ಹಳೆಯ ಗ್ರಾಮಫೋನಿಗೆ ಹಾಕಿ ಸೂಜಿ ಇಟ್ಟಳು. ಸ್ವಲ್ಪ ಸರಸರ ಎಂದಿತು, ಅಷ್ಟೆ. ಹಾಡು ಇತ್ತು.

ಇನ್ನೊಂದಕ್ಕೆ ಕಾಗದ ಅಂಟಿಸಿ ಬಿಸಿಲು ತಗುಲದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಯಡಿಯೂರಿನವರೆಗೆ ತಾನೇ ನಡೆದುಹೋದಳು. ಬೋರಣ್ಣ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದ. ಮಗುಚಲು ಹೋದ ಕೈಗೆ ಕಾಗದ ತಗುಲಿದರೆ ತಾನೇ ನಿಲ್ಲುತ್ತದೆ ಎಂದು ವಾರಿಜಾ ವಿವರಿಸಿದಳು. ಅದೇನೋ ಸರಿ, ಆದರೆ ಮೊಳೆ ಎಳೆದದ್ದು ಶಾಶ್ವತ, ಕಾಗದ ಕಾಗದವೇ ಎಂದು ಅವನು ರಾಗ ತೆಗೆದ. ಪ್ರತಿ ಪ್ಲೇಟಿನ ಬೆಲೆಯಲ್ಲೂ ಒಂದಿಷ್ಟು ಮುರಿದು ಒಪ್ಪಿಕೊಂಡ.

“ಅಲ್ಲಮ್ಮಾವ್ರೇ, ಯಾರೂ ಕೇಳದ ಮಗ್ಗುಲಿಗೆ ಇಷ್ಟು ಯಾಕೆ ಒದ್ದಾಡ್ತೀರ?”

“ಕೇಳಿದ್ರಲ್ಲ ಬೋರಣ್ಣ, ಚಿಕ್ಕಲಸಂದ್ರದಲ್ಲಿ. ಅದಕ್ಕೇ ತಾನೆ ನಿಮ್ಮ ಬಾಡಿಗೆ ಮುರಿದಿದ್ದು.”

ಬೋರಣ್ಣ ತಲೆ ಕೆರೆದುಕೊಂಡು ನಕ್ಕ. ಬೆಲೆ ಮಾತ್ರ ಏರಿಸಲಿಲ್ಲ. ದಾರಿಯುದ್ದಕ್ಕೂ ವಾರಿಜಾ ಮನಸ್ಸಿನಲ್ಲೇ ಕೂಡಿ ಕಳೆದಳು. ಕಾರ್ಖಾನೆಯ ಬಾಕಿಗೆ ಸರಿಯಾಗಿ ಆಗುತ್ತದೆ. ಅಚ್ಚು ಉಳಿಯುತ್ತದೆ. ಉಳಿದ ಅಚ್ಚಿನಿಂದ ಇನ್ನೊಂದು ಪ್ಲೇಟು ಒತ್ತಿಸಲು ಬಿಡಿಕಾಸೂ ಉಳಿಯುವುದಿಲ್ಲ. ಗೆದ್ದೆವೋ ಸೋತೆವೋ ಹೇಳುವವರು ಯಾರು. ಕಾಲಿಗೆ ಕಲ್ಲು ಚುಚ್ಚಿದಾಗ ಅದನ್ನೂ ಬೈದುಕೊಂಡೇ ಬಂದಳು. ಅದಕ್ಕಿಂತ ದೊಡ್ಡ ಚಿಂತೆ, ಅತ್ತಿಗೆಗೆ ಹೇಗೆ ಹೇಳುವುದು ಎಂಬುದು.

ಹೇಳುವ ಕೆಲಸವೇ ಬರಲಿಲ್ಲ. ಮನೆಗೆ ಬಂದು ನೋಡಿದರೆ ಚೂಡಾಮಣಿ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಒಂದು ಪಕ್ಕದಲ್ಲಿ ಗುಂಡಗೆ ಕತ್ತರಿಸಿದ ಕಾಗದ, ಒಂದು ಪಕ್ಕದಲ್ಲಿ ಅಂಟಿನ ಬಟ್ಟಲು. ಆ ಗೋಡೆಗಳಿಗೆ ಕಿವಿ ಬೇಕಿರಲಿಲ್ಲ, ಅಷ್ಟು ಚಿಕ್ಕ ಮನೆ. ಬೋರಣ್ಣ ಆಡಿದ್ದು, ಮೊಳೆ ಎಳೆದದ್ದು ಎಲ್ಲ ಅವಳಿಗೆ ಕೇಳಿಸಿತ್ತು, ರಾತ್ರಿ ಕಾಗದ ಅಂಟಿಸಿದ್ದೂ ಕಂಡಿತ್ತು. ತನ್ನ ದನಿಯ ಮೇಲೆ ತಾನೇ ಕಾಗದ ಹಾಸಿ, ಅಂಗೈಯಿಂದ ಸವರಿ, ಅಂಚು ಒತ್ತುತ್ತಿದ್ದಳು.

ವಾರಿಜಾ ಅವಳ ಎದುರಿಗೆ ಕೂತಳು. ಒಂದು ಪ್ಲೇಟು ಎತ್ತಿಕೊಂಡು ಅಂಟು ಹಚ್ಚತೊಡಗಿದಳು. ಐದಾರು ಆದವು.

“ಆ ಹುಡುಗಿ ತಾಯಿ,” ಎಂದಳು ಚೂಡಾಮಣಿ, ತಲೆಯೆತ್ತದೆ. “ನಿಜವಾಗ್ಲೂ ಅತ್ತಳಂತಾ?”

“ಹೂಂ ಅತ್ತಿಗೆ. ಪಾಯಸದ ಪಾತ್ರೆ ಕೆಳಗಿಟ್ಟು ಅತ್ತರಂತೆ.”

ಚೂಡಾಮಣಿ ಕೈಯಲ್ಲಿದ್ದ ಪ್ಲೇಟನ್ನು ಜೋಪಾನವಾಗಿ ಗೋಡೆಗೆ ಒರಗಿಸಿದಳು. ಆಮೇಲೆ ವಾರಿಜಾಳ ಮುಂದಿದ್ದ ಅಂಟಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಅದಕ್ಕೆ ಒಂದಿಷ್ಟು ನೀರು ಬೆರೆಸಿದಳು.

“ಇಷ್ಟು ಗಟ್ಟಿ ಹಚ್ಚಬೇಡ ಕಣೇ. ಮುಂದೆ ಯಾರಾದ್ರೂ ಕೀಳಬೇಕಲ್ಲ.”