ಹೆಬ್ಬೆರಳಿನ ಹಸಿರು ಪಟ್ಟಿ

ದ್ರಾಕ್ಷಿ ಬುಟ್ಟಿಯ ಜೊತೆ ಕಾರಿನೊಳಗೆ ಬಂದ ನೊಣ ಕಿಟಕಿಯ ಗಾಜಿಗೆ ತಲೆ ಚಚ್ಚಿಕೊಳ್ಳುತ್ತಿದೆ, ಪಾಪ, ತೋಟ ಹಿಂದೆ ಉಳಿಯಿತೆಂದು ಅದಕ್ಕೆ ಹೇಗೆ ಗೊತ್ತಾಗಬೇಕು, ಗಾಜಿನಾಚೆ ಬಳ್ಳಿಗಳ ಸಾಲು ಇನ್ನೂ ಓಡುತ್ತಲೇ ಇದೆ, ಗಾಜು ಇಳಿಸಲೇ ಎಂದು ಅವಳ ಕೈ ಗುಂಡಿಯವರೆಗೆ ಹೋಗಿ ನಿಂತಿತು — ಗಾಳಿ ಬಡಿದರೆ ಅತ್ತೆಗೆ ತಲೆನೋವು. ಪಕ್ಕದಲ್ಲಿ ಕೂತ ಅತ್ತೆ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ, ತೋಟದಲ್ಲಿ ಕುಡಿಸಿದ ಆ ವೈನಿಗಿಂತ ಇದೇ ವಾಸಿ ಕಣೇ, ಅದು ಥೇಟ್ ಕೆಮ್ಮಿನ ಔಷಧಿ, ಕುಡಿದ್ರೆ ಕೆಮ್ಮಾದ್ರೂ ಹೋಗ್ಬೇಕಿತ್ತು, ಅದೂ ಹೋಗ್ಲಿಲ್ಲ, ಕಾರು ಓಡಿಸುತ್ತಿರುವ ಗಂಡ ನಗುತ್ತಾನೆ, ಅವಳೂ ನಗುತ್ತಾಳೆ, ತುಟಿಯಲ್ಲಿ ಮಾತ್ರ, ಆ ತುಟಿಗೆ ಅಕ್ಕ ಕೊಯ್ದ ಹಣ್ಣಿನ ರಸ ಅಂಟಿದೆ. ಪ್ರವಾಸಕ್ಕೆ ನಾಲ್ಕೇ ದಿನದ ರಜೆ, ಎರಡು ಹಿಂದಿನ ಊರಿಗೆ, ಎರಡು ಮುಂದಿನ ಊರಿಗೆ ಎಂದು ಗಂಡ ಲೆಕ್ಕ ಹಾಕಿದ್ದ, ಅದರಲ್ಲಿ ಒಂದು ದಿನ ತೆಗೆದು ದ್ರಾಕ್ಷಿ ತೋಟಗಳ ಕಡೆ ಹೋಗೋಣ್ವಾ ಅಂದವಳು ಇವಳೇ, ಮದುವೆಯಾಗಿ ಬಂದ ಮೇಲೆ ಇದು ಬೇಕೆಂದು ಬಾಯಿಬಿಟ್ಟದ್ದು ಅದೇ ಮೊದಲು, ಅಯ್ಯೋ ನಮ್ಮ ಮೂಗಿಗೂ ಬಾಯಿ ಬಂತಲ್ಲೋ ಎಂದು ಅತ್ತೆ ಮಗನ ಬೆನ್ನಿಗೆ ಗುದ್ದಿ ನಕ್ಕಿದ್ದರು. ಮಾತು ಅವಳಿಗೆ ಶಾಲೆಯಲ್ಲೂ ಬರುತ್ತಿರಲಿಲ್ಲ, ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತ ಮೇಲೆ ಬೇಕಾಗಲೂ ಇಲ್ಲ. ನಮ್ಮಕ್ಕ ಆ ಕಡೆ ಕೆಲಸದಲ್ಲಿದ್ದಾಳೆ, ಅಷ್ಟೇ ಹೇಳಿದ್ದಳು, ಏನು ಕೆಲಸ ಎಂದು ಇವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಕ್ಕನಿಗೆ ಮಾತ್ರ ಫೋನಿನಲ್ಲಿ ಎಲ್ಲ ಹೇಳಿದ್ದಳು, ನಿಜವಾಗ್ಲೂ ಬರ್ತೀಯೇನೇ, ಹಾಗಾದ್ರೆ ಅವತ್ತು ರಸ್ತೆ ಪಕ್ಕದ ಸಾಲೇ ಕೇಳಿ ಹಾಕಿಸ್ಕೋತೀನಿ, ನೀನು ಇಳಿದ ತಕ್ಷಣ ಕಾಣ್ಬೇಕು.

ಕಂಡಳು. ಹಣ್ಣು ಕೊಯ್ಯುವವರ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವಳು ಅವಳೊಬ್ಬಳೇ, ಮಡಿಕೆಯ ಗೆರೆ ಬಿಸಿಲಲ್ಲೂ ನೆಟ್ಟಗೆ, ಯಾರಿಗಾಗಿ ಮಾಡಿದ ಇಸ್ತ್ರಿ ಅದು, ಅಕ್ಕನ ಮುಖದಲ್ಲಿ ನಗು ಆಗಲೇ ಅರ್ಧ ದಾರಿ ಬಂದಿತ್ತು, ತೋಟ ತೋರಿಸುವವನು ನೀವೇ ಒಂದು ಗೊಂಚಲು ಕತ್ತರಿಸಿ ನೋಡಿ ಮೇಡಂ ಅನ್ನುತ್ತಿದ್ದ, ಅತ್ತೆ ಸೊಸೆಯ ಮೊಣಕೈ ಹಿಡಿದರು, ಹುಷಾರು ಕಣೇ, ಆ ಹೆಂಗಸಿನ ಕೈ ನೋಡು, ಉಗುರೆಲ್ಲ ಕಪ್ಪು, ಇಂಥ ಕೈಯಲ್ಲಿ ಕಿತ್ತಿದ್ದನ್ನಾ ನಾವು ಕುಡಿದಿದ್ದು — ಮೆಲ್ಲಗೂ ಹೇಳಲಿಲ್ಲ. ಅಕ್ಕಾ ಅನ್ನುವುದು ಎರಡೇ ಅಕ್ಷರ, ಅವಳು ತನ್ನ ಚಪ್ಪಲಿ ನೋಡಿಕೊಂಡಳು, ಹೊಸ ಚಪ್ಪಲಿ, ತಲೆ ಎತ್ತುವಷ್ಟರಲ್ಲಿ ಅಕ್ಕ ನಗುವನ್ನು ಬಟ್ಟೆಯ ಹಾಗೆ ಮಡಿಸಿ ಒಳಗಿಟ್ಟಿದ್ದಳು. ಬನ್ನಿ ಅಮ್ಮಾವ್ರೇ, ತೊಟ್ಟು ಹೀಗೆ ಹಿಡ್ಕೊಳ್ಳಿ, ಕತ್ತರಿ ಚೂಪಿದೆ, ಜೋಪಾನ. ಅವಳ ಕೈಯ ಮೇಲೆ ಅಕ್ಕನ ಕೈ, ಗಾಯವಾದ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಪಟ್ಟಿ, ಹಸಿರು, ಹಳದಿ ಚುಕ್ಕೆ, ಬಟ್ಟೆ ಗುರುತಿಸಲು ಅವಳಿಗೆ ಎಷ್ಟು ಹೊತ್ತು, ತಾನು ಹೊಲಿದ ಮೊದಲ ಅಂಗಿಯದು, ಒಂದು ತೋಳು ಉದ್ದ ಒಂದು ಗಿಡ್ಡವಾಗಿ ಅತ್ತು ಕೂತಾಗ ಅಕ್ಕ ಅದನ್ನೇ ತೊಟ್ಟು ಕೈ ಚಾಚಿ, ಅಳ್ಬೇಡ್ವೇ ಹುಚ್ಚಿ, ಅಂಗಿ ಸರಿಯಾಗೇ ಇದೆ, ನನ್ನ ಕೈಯೇ ಒಂದು ಉದ್ದ. ಆ ಕೈ. ಅಮ್ಮಾವ್ರೇ ಅಂದ ಕೈ. ಅಷ್ಟು ಬೇಗ ಪರಕೀಯಳಾಗಲು ಅಕ್ಕನಿಗೆ ಹೇಳಿಕೊಟ್ಟವರು ಯಾರು, ಮತ್ಯಾರು, ಚಪ್ಪಲಿ ನೋಡುತ್ತ ನಿಂತವಳೇ.

ಅಂದಹಾಗೆ ನಿಮ್ಮಕ್ಕ, ಗಂಡ ಕನ್ನಡಿಯಲ್ಲಿ ಅವಳನ್ನು ಹುಡುಕುತ್ತಾನೆ, ಈ ಕಡೇನೇ ಅಂದಿದ್ಯಲ್ಲ, ಮರೆತೇಬಿಟ್ಟೆ, ತಿರುಗಿಸ್ಲಾ ಗಾಡಿ? ತಿರುಗಿಸಿ ಅಂದರೆ ಸಾಕು, ಬಳ್ಳಿಗಳು ಇನ್ನೂ ಮುಗಿದಿಲ್ಲ — ಇಲ್ಲ, ಮುಂದಿನ ಊರಲ್ಲಿ, ಆಫೀಸಲ್ಲಿ, ಅಂದಿತು ಅವಳ ಬಾಯಿ, ಮೂಗಿಯ ಬಾಯಿಗೆ ಸುಳ್ಳು ಎಷ್ಟು ಸಲೀಸು. ಹಾಗಾದ್ರೆ ನಾಳೆ ಊಟಕ್ಕೆ ಕರಿ. ಕರಿಯೇ, ಅತ್ತೆಯದೂ ಅದೇ, ಕೆಲಸ ಅಂತ ಮದುವೆಗೂ ಬರ್ಲಿಲ್ಲ, ಮುಖಾನೇ ನೋಡಿಲ್ಲ ನಾನು, ಈ ಹಣ್ಣೂ ಅವರಿಗೆ ಸ್ವಲ್ಪ ಎತ್ತಿಡೋಣ, ಆ ಹೆಂಗಸು ಕೈ ತುಂಬಾ ಕೊಟ್ಟಳು ಪಾಪ — ಬುಟ್ಟಿಯೊಳಗೆ ಆಡುತ್ತಿದ್ದ ಅತ್ತೆಯ ಬೆರಳು ನಿಂತಿತು. ಥೂ, ಏನಿದು ಚಿಂದಿ, ಎಸಿ ಆಚೆ. ಒದ್ದೆ, ಹಸಿರು, ಹಳದಿ ಚುಕ್ಕೆ. ಗಂಡ ಗಾಜು ಇಳಿಸಿದ, ಗಾಳಿ ನುಗ್ಗಿತು, ನೊಣ ಹೋಯಿತು, ಎಸೆದ್ಯಾ, ಹೂಂ ಅತ್ತೆ, ಮುಷ್ಟಿಯೊಳಗೆ ಪಟ್ಟಿ ಇದೆ, ಅಂಚಿನಲ್ಲಿ ತನ್ನದೇ ಸೊಟ್ಟ ಹೊಲಿಗೆ ಬೆರಳಿಗೆ ತಾಗುತ್ತದೆ, ಇದು ಇಲ್ಲಿದ್ದರೆ ಅಲ್ಲಿ, ಆ ಸಾಲಿನಲ್ಲಿ, ಇಸ್ತ್ರಿಯ ಅಂಗಿ, ಕತ್ತರಿ, ಹುಳಿ ರಸ, ಹೆಬ್ಬೆರಳು, ಪಟ್ಟಿಯಿಲ್ಲದ ಹೆಬ್ಬೆರಳು